ಹಾಸನ–ಚಿಕ್ಕಮಗಳೂರು ಕಡೆಯ ದೂರದ ಸವಾರಿಗೆ ಎಂತಹ ಸೈಕಲ್ ಆರಿಸಬೇಕು?

ಪ್ರಶ್ನೆ: ಹಾಸನದ ಸದಸ್ಯರಿಂದ

ಎಲ್ಲರಿಗೂ ನಮಸ್ಕಾರ. ಕೆಲವು ವರ್ಷಗಳಿಂದ ಹೈಬ್ರಿಡ್ ಸೈಕಲ್ಲಿನಲ್ಲಿ ಬೇಲೂರು, ಗೊರೂರು, ಹೊಳೆನರಸೀಪುರದ ಕಡೆಗೆ ಹೋಗಿ ಬರುವ ಅಭ್ಯಾಸ ಇಟ್ಟುಕೊಂಡಿದ್ದೇನೆ. ಈಗ ಬ್ರೆವೆಗಳಲ್ಲಿ, ಅಂದರೆ ಗೊತ್ತುಪಡಿಸಿದ ಕಾಲಮಿತಿಯೊಳಗೆ ಮುಗಿಸಬೇಕಾದ ದೂರದ ಸವಾರಿಗಳಲ್ಲಿ, ಭಾಗವಹಿಸುವ ಆಸೆ ಹುಟ್ಟಿದೆ. ಮೊದಲು 200 ಕಿ.ಮೀ. ಮುಗಿಸಿ, ದೇಹ ಒಪ್ಪಿದರೆ 300, 400 ಮತ್ತು 600 ಕಿ.ಮೀ.ಗಳನ್ನೂ ಒಂದೇ ಋತುವಿನಲ್ಲಿ ಪೂರೈಸಿ ಸೂಪರ್ ರಾಂಡೊನರ್ ಆಗಬೇಕೆಂಬುದು ನನ್ನ ಗುರಿ. ವಯಸ್ಸು 43, ತೂಕ 72 ಕೆ.ಜಿ., ಎತ್ತರ 170 ಸೆಂ.ಮೀ.

ಮೂರು ಸೈಕಲ್ಲುಗಳು ನನ್ನ ಮುಂದಿವೆ. ಒಂದು, ಸುಮಾರು 10 ಕೆ.ಜಿ. ತೂಗುವ ಅಲ್ಯೂಮಿನಿಯಂ ರೋಡ್ ಬೈಕ್. ಮುಂದೆ ಪೆಡಲಿನ ಬಳಿ 50 ಮತ್ತು 34 ಹಲ್ಲಿನ ಎರಡು ಚೈನ್ ಚಕ್ರ (50/34), ಹಿಂದೆ 11ರಿಂದ 28 ಹಲ್ಲಿನವು (11–28), ರಿಮ್ ಬ್ರೇಕ್, 28 ಮಿ.ಮೀ.ಗಿಂತ ಅಗಲದ ಟಯರಿಗೆ ಜಾಗವಿಲ್ಲ. ಇನ್ನೊಂದು, 13 ಕೆ.ಜಿ. ತೂಗುವ ಉಕ್ಕಿನ ಟೂರಿಂಗ್ ಸೈಕಲ್. ಮುಂದೆ 48/36/26ರ ಮೂರು ಚೈನ್ ಚಕ್ರ, ಹಿಂದೆ 11–34, ಕೇಬಲ್‌ನಿಂದ ಎಳೆಯುವ ಡಿಸ್ಕ್ ಬ್ರೇಕ್, 38 ಮಿ.ಮೀ. ಟಯರು. ಮೂರನೆಯದು ಪರಿಚಯದವರು ಮಾರುತ್ತಿರುವ 8 ಕೆ.ಜಿ.ಯ ಕಾರ್ಬನ್ ರೇಸ್ ಬೈಕ್. 52/36, 11–28, 25 ಮಿ.ಮೀ. ಟಯರು. ಬೆಲೆಯಲ್ಲಿ ಮೂರೂ ಹೆಚ್ಚುಕಡಿಮೆ ಒಂದೇ ಆಗುತ್ತವೆ. ಕಾರ್ಬನ್ ಸೈಕಲ್ಲನ್ನು ಒಂದೇ ಕೈಯಲ್ಲಿ ಎತ್ತಿ ನೋಡಿದಾಗಿನಿಂದ ಮನಸ್ಸು ಅದರ ಕಡೆಗೇ ವಾಲಿದೆ. ಅನುಭವಿಗಳು ದಯವಿಟ್ಟು ಕಾರಣ ಸಹಿತ ತಿಳಿಸಬೇಕು.

ಉತ್ತರ: ಚಿಕ್ಕಮಗಳೂರಿನಿಂದ

ಸರ್, ತೂಕವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ಮೊದಲು ಕಾಲಮಿತಿಯನ್ನು ನೋಡಿ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ ಕೊಡುತ್ತಾರೆ. ನಿಲುಗಡೆಗಳೂ ಸೇರಿ ಸರಾಸರಿ ಗಂಟೆಗೆ 15 ಕಿ.ಮೀ. ಸಾಕು. ಓಡುವಾಗ 20 ಕಿ.ಮೀ. ವೇಗ ಕಾಯ್ದುಕೊಂಡವರಿಗೆ 600 ಕಿ.ಮೀ. ಮುಗಿಸಲು 30 ಗಂಟೆ ಹಿಡಿಯುತ್ತದೆ. ಊಟಕ್ಕೆ, ನಿದ್ರೆಗೆ, ಪಂಕ್ಚರಿಗೆ 10 ಗಂಟೆ ಉಳಿಯುತ್ತದೆ. ವೇಗ ಸಾಲದೆ ಕೈಬಿಟ್ಟವರಿಗಿಂತ ಮಂಡಿ ನೋವು, ಅಂಗೈ ಮರಗಟ್ಟುವುದು, ಕತ್ತು ಹಿಡಿಯುವುದು, ಕೂರುವ ಜಾಗದ ಹುಣ್ಣು, ಕೆಟ್ಟ ಹೊಟ್ಟೆ ಇವುಗಳಿಂದ ಕೈಬಿಟ್ಟವರನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ. ಆದ್ದರಿಂದ ಅಂಗಡಿಯ ಮುಂದೆ ನಿಂತು ಸೈಕಲ್ ನೋಡುವಾಗ, ಮುನ್ನೂರು ಕಿಲೋಮೀಟರ್ ತುಳಿದು ದಣಿದ ನಿಮ್ಮ ದೇಹ ಅದರ ಮೇಲೆ ಕುಳಿತಿದೆ ಎಂದು ಭಾವಿಸಿಕೊಂಡು ಆರಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಹಾಗೆ ನೋಡಿದಾಗ ಮೊದಲು ಕೇಳಬೇಕಾದದ್ದು ಅತ್ಯಂತ ಹಗುರವಾದ ಗೇರು ಯಾವುದು ಎಂಬ ಪ್ರಶ್ನೆ. ನೂರು ಮೀಟರಿಗೆ ಏಳು ಮೀಟರ್ ಏರುವ ರಸ್ತೆಯೊಂದನ್ನು ಇಟ್ಟುಕೊಳ್ಳೋಣ. ನಮ್ಮ ಗಿರಿ ರಸ್ತೆಗಳಲ್ಲಿ ಇದು ಸಾಮಾನ್ಯ, ಚಿಕ್ಕಮಗಳೂರಿನಿಂದ ಗಿರಿಗೆ ಹತ್ತುವ ದಾರಿಯ ಕೈಮರದ ಮೇಲೆ ಇದಕ್ಕಿಂತ ಕಡಿದಾದ ತುಂಡುಗಳೂ ಸಿಗುತ್ತವೆ. ಗಾಲಿ ಒಂದು ಸುತ್ತಿಗೆ ಸುಮಾರು 2.1 ಮೀಟರ್ ಸಾಗುತ್ತದೆ. ಪೆಡಲನ್ನು ನಿಮಿಷಕ್ಕೆ 60 ಸುತ್ತಿನಷ್ಟಾದರೂ ತಿರುಗಿಸಬೇಕು ಎಂದುಕೊಂಡರೆ, ಕಾರ್ಬನ್ ಸೈಕಲ್ಲಿನ ಅತ್ಯಂತ ಹಗುರವಾದ 36/28 ಗೇರಿನಲ್ಲಿ (ಮುಂದೆ 36, ಹಿಂದೆ 28 ಹಲ್ಲು) ನೀವು ಗಂಟೆಗೆ 9.7 ಕಿ.ಮೀ. ವೇಗದಲ್ಲಿ ಏರಲೇಬೇಕು. ನಾಲ್ಕು ಕೆ.ಜಿ. ಸಾಮಾನೂ ಸೇರಿ ಅದಕ್ಕೆ ಸುಮಾರು 170 ವ್ಯಾಟ್ ಶಕ್ತಿ ಬೇಕು. ಉಕ್ಕಿನ ಸೈಕಲ್ಲಿನ 26/34 ಗೇರಿನಲ್ಲಿ ಅದೇ 60 ಸುತ್ತಿಗೆ ವೇಗ 5.8 ಕಿ.ಮೀ.; ಸೈಕಲ್ ಐದು ಕೆ.ಜಿ. ಭಾರವಾಗಿದ್ದರೂ ಸುಮಾರು 110 ವ್ಯಾಟ್ ಸಾಕು. ಬೆಳಿಗ್ಗೆ ಆರು ಗಂಟೆಗೆ ನೀವು 170 ವ್ಯಾಟನ್ನು ಸಲೀಸಾಗಿ ಕೊಡಬಲ್ಲಿರಿ. ಆದರೆ ರಾತ್ರಿ ಎರಡು ಗಂಟೆಗೆ ಕೊಡಲಾಗದೆ ಪೆಡಲಿನ ಸುತ್ತು ನಿಮಿಷಕ್ಕೆ ನಲವತ್ತಕ್ಕೆ ಇಳಿದಾಗ, ಒಂದೊಂದು ತುಳಿತದ ಒತ್ತಡವೂ ನೇರವಾಗಿ ಮಂಡಿಚಿಪ್ಪಿನ ಮೇಲೆ ಬೀಳುತ್ತದೆ.

ಇನ್ನು ಆ ಐದು ಕೆ.ಜಿ.ಯ ನಷ್ಟವೆಷ್ಟು? ಸವಾರ, ಸೈಕಲ್, ಸಾಮಾನು ಸೇರಿದ ಒಟ್ಟು ತೂಕದಲ್ಲಿ ಅದು ಶೇಕಡ ಆರು. ಒಂದು ಗಂಟೆಯ ಏರಿಗೆ ಹೆಚ್ಚೆಂದರೆ ಮೂರೂವರೆ ನಿಮಿಷ ಜಾಸ್ತಿ ಹಿಡಿಯಬಹುದು. ಸಮತಟ್ಟಿನಲ್ಲಿ ವ್ಯತ್ಯಾಸ ತಿಳಿಯುವುದೇ ಇಲ್ಲ.

ಉತ್ತರ: ಮೂಡಿಗೆರೆಯಿಂದ

ಮೇಲಿನವರು ಹೇಳಿದ ಲೆಕ್ಕಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ. ಏರಿದ್ದನ್ನು ಇಳಿಯಲೂ ಬೇಕಾದ್ದರಿಂದ ಬ್ರೇಕಿನ ಬಗ್ಗೆ ಎರಡು ಮಾತು ಸೇರಿಸುತ್ತೇನೆ.

ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿಗೆ ಇಳಿದರೆ ಕಿರಿದಾದ ರಸ್ತೆ, ಒಂದರ ಹಿಂದೆ ಒಂದು ತಿರುವು, ಮಳೆಗಾಲದಲ್ಲಿ ಕೈಯಳತೆಯಾಚೆ ಕಾಣದ ಮಂಜು, ಬಂಡೆಯಿಂದ ರಸ್ತೆಗೇ ಹರಿಯುವ ನೀರು. ಒದ್ದೆಯಾದ ರಿಮ್ಮನ್ನು ರಬ್ಬರ್ ಕಟ್ಟೆ ಹಿಡಿಯಬೇಕಾದರೆ ಮೊದಲು ಅದರ ಮೇಲಿನ ನೀರು ಒರೆಸಿಹೋಗಬೇಕು. ಗಾಲಿ ಒಂದೆರಡು ಸುತ್ತು ತಿರುಗುವ ಆ ಕ್ಷಣದಲ್ಲಿ ಸೈಕಲ್ ನಿಲ್ಲುವುದಿಲ್ಲ. ಜೊತೆಗೆ ಕೆಸರಿನ ಮರಳು ಬ್ರೇಕ್ ಕಟ್ಟೆಯಲ್ಲಿ ಸಿಕ್ಕಿಕೊಂಡು ಅಲ್ಯೂಮಿನಿಯಂ ರಿಮ್ಮನ್ನೇ ತೇಯುತ್ತದೆ. ನಮ್ಮ ಕಡೆ ಮಳೆಯಲ್ಲಿ ಓಡಿಸಿದ ರಿಮ್ಮಿನ ಪಕ್ಕಕ್ಕೆ ಉಗುರು ತಾಗಿಸಿದರೆ ಒಳಕ್ಕೆ ಬಾಗಿದ ತಗ್ಗು ಸ್ಪಷ್ಟವಾಗಿ ಸಿಗುತ್ತದೆ. ಹೊಸದಾಗಿ ಕೊಳ್ಳುವವರು ಈ ಭಾಗದಲ್ಲಿ ಡಿಸ್ಕ್ ಬ್ರೇಕನ್ನೇ ಕೊಳ್ಳುವುದು ಸೂಕ್ತ. ರಿಮ್ ಬ್ರೇಕಿನ ಫ್ರೇಮಿಗೆ ಆಮೇಲೆ ಡಿಸ್ಕ್ ಹಾಕಿಸುತ್ತೇನೆಂದರೆ ಆಗುವುದಿಲ್ಲ, ಫ್ರೇಮಿನಲ್ಲೂ ಫೋರ್ಕಿನಲ್ಲೂ ಅದಕ್ಕೆ ಬೇಕಾದ ಜಾಗವೇ ಇರುವುದಿಲ್ಲ.

ಎಣ್ಣೆಯ ಒತ್ತಡದ ಹೈಡ್ರಾಲಿಕ್ ಬ್ರೇಕು ದಣಿದ ಬೆರಳಿಗೆ ಬಹಳ ಹಗುರ, ಪ್ಯಾಡ್ ಸವೆದಂತೆ ತಾನೇ ಹೊಂದಿಕೊಳ್ಳುತ್ತದೆ. ಆದರೆ ಅದರೊಳಗೆ ಗಾಳಿ ಸೇರಿದರೆ ತೆಗೆಯುವ ಸಾಧನವೂ ಸರಿಯಾದ ಎಣ್ಣೆಯೂ ಚಿಕ್ಕ ಊರುಗಳಲ್ಲಿ ಸಿಗುವುದು ಕಷ್ಟ. ಶಿಮಾನೊ ಬ್ರೇಕಿಗೆ ಮಿನರಲ್ ಆಯಿಲ್ ಹಾಕಬೇಕು; ಕಾರಿಗೆ ಹಾಕುವ ಡಾಟ್ ಬ್ರೇಕ್ ಆಯಿಲ್ ಹಾಕಿದರೆ ಒಳಗಿನ ಸೀಲುಗಳು ಹಾಳಾಗುತ್ತವೆ. ಕೇಬಲ್ ಡಿಸ್ಕ್ ಆದರೆ ರಸ್ತೆ ಬದಿಯಲ್ಲಿಯೇ ಒಂದು ಅಲೆನ್ ಕೀಲಿಯಿಂದ ಬಿಗಿ ಮಾಡಿಕೊಳ್ಳಬಹುದು. ಮಳೆಯಲ್ಲಿ ಮೆತ್ತಗಿನ ರೆಸಿನ್ ಪ್ಯಾಡ್ ಬೇಗ ಸವೆಯುವುದರಿಂದ ಲೋಹ ಬೆರೆತ ಪ್ಯಾಡಿನ ಒಂದು ಜೊತೆ ಚೀಲದಲ್ಲಿರಲಿ. ಕೊಳ್ಳುವ ಮೊದಲು ನಿಮ್ಮ ಡಿಸ್ಕಿಗೆ ಲೋಹದ ಪ್ಯಾಡ್ ಹೊಂದುತ್ತದೆಯೇ ಎಂಬುದನ್ನು ಡಿಸ್ಕಿನ ಮೇಲಿನ ಬರಹದಲ್ಲೇ ಓದಿ ನೋಡಿ.

ಪ್ರಶ್ನೆ ಕೇಳಿದವರು, ಹಾಸನ

ಇಬ್ಬರಿಗೂ ಧನ್ಯವಾದ. ಕಾರ್ಬನ್ ಸೈಕಲ್ಲಿನ ಮೋಹ ಅರ್ಧ ಇಳಿಯಿತು. ಆದರೂ ಒಂದು ಸಂಶಯ ಉಳಿದಿದೆ. ನನ್ನೊಂದಿಗೆ ತುಳಿಯುವ ಗೆಳೆಯರೊಬ್ಬರು, ಮುಂದೆ ಮೂರು ಚಕ್ರ ಇರುವ ಸೈಕಲ್ಲು ಕಾಲಿನಲ್ಲಿ ಬಲವಿಲ್ಲದವರಿಗೆ, ಅಭ್ಯಾಸ ಮಾಡಿದರೆ 36/28ರಲ್ಲೇ ಯಾವ ಘಾಟಿಯನ್ನಾದರೂ ಹತ್ತಬಹುದು ಎನ್ನುತ್ತಾರೆ. ಹಾಗೆಯೇ 38 ಮಿ.ಮೀ. ಟಯರು ರಸ್ತೆಗೆ ಅಂಟಿಕೊಂಡಂತೆ ಓಡುತ್ತದೆ ಎಂಬ ಮಾತನ್ನೂ ಕೇಳಿದ್ದೇನೆ.

ಉತ್ತರ: ಚಿಕ್ಕಮಗಳೂರಿನಿಂದ

ನಿಮ್ಮ ಗೆಳೆಯರ ಅಭಿಪ್ರಾಯಕ್ಕೆ ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. ಟೂರ್ ದ ಫ್ರಾನ್ಸ್ ಸ್ಪರ್ಧೆಯನ್ನು ಆರಂಭಿಸಿದ ಆನ್ರಿ ದೆಗ್ರಾಂಜ್ ಗೇರು ಬದಲಿಸುವ ಸಾಧನವನ್ನು ಕಟ್ಟುನಿಟ್ಟಾಗಿ ವಿರೋಧಿಸುತ್ತಿದ್ದರು. ಆ ಸ್ಪರ್ಧೆಯಲ್ಲಿ ಡಿರೈಲರ್‌ಗೆ, ಅಂದರೆ ಚೈನನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ಸರಿಸುವ ಸಾಧನಕ್ಕೆ, ಅನುಮತಿ ದೊರೆತದ್ದು 1937ರಲ್ಲಿ. ಅದೇ ಫ್ರಾನ್ಸಿನಲ್ಲಿ ವೆಲೊಸಿಯೊ ಎಂಬ ಹೆಸರಿನಿಂದ ಬರೆಯುತ್ತಿದ್ದ ಪಾಲ್ ದ ವಿವಿ ಅದಕ್ಕೂ ದಶಕಗಳ ಮೊದಲೇ ಬೆಟ್ಟಗಳ ದೂರದ ಸವಾರಿಗೆ ಹಲವು ಗೇರುಗಳು ಬೇಕೇ ಬೇಕೆಂದು ವಾದಿಸಿದ್ದರು. ದೂರದ ಸವಾರಿ ಬೆಳೆದು ಬಂದದ್ದು ವೆಲೊಸಿಯೊ ತೋರಿದ ದಾರಿಯಲ್ಲಿ. ಹಗುರ ಗೇರು ಇದ್ದೂ ಬಳಸದಿದ್ದರೆ ಯಾವ ನಷ್ಟವೂ ಇಲ್ಲ. ಬೇಕಾದಾಗ ಇಲ್ಲದಿದ್ದರೆ ಇಳಿದು ತಳ್ಳುವುದೊಂದೇ ದಾರಿ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ 1200 ಕಿ.ಮೀ.ಯ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್‌ಗೆ ಹೋಗುವ ಕನಸು ನಿಮಗೆ ಎಂದಾದರೂ ಬಂದರೆ, ಅದೂ ಏರಿಳಿತಗಳದ್ದೇ ದಾರಿ ಎಂಬುದು ನೆನಪಿರಲಿ. 2023ರಲ್ಲಿ ನಡೆದದ್ದರಿಂದ ಮುಂದಿನದು 2027ರಲ್ಲಿ.

ಟಯರಿನ ವಿಷಯವನ್ನು ಅರಸೀಕೆರೆಯ ಹಿರಿಯರು ಹೇಳಿದರೆ ಚೆನ್ನ. ಮಲೆನಾಡಿನಲ್ಲಿ ಹೊಂಡ, ಅವರ ಕಡೆ ಮುಳ್ಳು.

ಉತ್ತರ: ಅರಸೀಕೆರೆಯಿಂದ

ಕರೆದದ್ದಕ್ಕೆ ವಂದನೆಗಳು. 1891ರಲ್ಲಿ ಮೊದಲ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಗೆದ್ದ ಶಾರ್ಲ್ ತೆರೊಂ ಬಳಸಿದ್ದು ಮಿಶೆಲಿನ್ ಸಂಸ್ಥೆಯ ಬಿಚ್ಚಿ ಹಾಕಬಹುದಾದ ಗಾಳಿ ಟಯರುಗಳನ್ನು. ದಾರಿಯಲ್ಲಿಯೇ ಬಿಚ್ಚಿ ರಿಪೇರಿ ಮಾಡಲಾಗುವ ಟಯರು ದೂರದ ಸವಾರಿಗೆ ಎಷ್ಟು ಮುಖ್ಯ ಎಂಬುದು ಅಂದೇ ಸಾಬೀತಾಗಿತ್ತು.

ಅಗಲದ ಟಯರು ಅಂಟಿಕೊಂಡು ಓಡುತ್ತದೆ ಎಂಬುದು ಅರ್ಧ ಸತ್ಯ. ಓಟವನ್ನು ತಡೆಯುವುದು ಅಗಲಕ್ಕಿಂತ ಹೆಚ್ಚಾಗಿ ಟಯರಿನ ಒಡಲಿನ ದಪ್ಪ ಮತ್ತು ಗಡಸುತನ. ಟೂರಿಂಗ್ ಸೈಕಲ್ಲಿಗೆ ಕಾರ್ಖಾನೆಯಲ್ಲೇ ಹಾಕಿ ಕಳುಹಿಸುವ ದಪ್ಪ ಟಯರಿಗೂ ಮೆತ್ತಗೆ ಮಡಿಚಬಹುದಾದ ಒಳ್ಳೆಯ ಟಯರಿಗೂ ಗಂಟೆಗೆ 22 ಕಿ.ಮೀ. ವೇಗದಲ್ಲಿ ಹತ್ತಿಪ್ಪತ್ತು ವ್ಯಾಟಿನ ವ್ಯತ್ಯಾಸ ಬರಬಹುದು. ಬಯಲು ರಸ್ತೆಯಲ್ಲಿ ಫ್ರೇಮಿನ ಐದು ಕೆ.ಜಿ. ಎಂದಿಗೂ ಮಾಡದಷ್ಟು ನಷ್ಟ ಇದು. ಆದ್ದರಿಂದ ಉಕ್ಕಿನ ಸೈಕಲ್ಲನ್ನೇ ಕೊಂಡರೂ ಮೂರ್ನಾಲ್ಕು ಸಾವಿರ ಹೆಚ್ಚು ಖರ್ಚಾದರೂ ಸರಿ, 32 ಅಥವಾ 35 ಮಿ.ಮೀ.ಯ ಮೆತ್ತಗಿನ ಟಯರುಗಳಿಗೆ ಬದಲಾಯಿಸಿಕೊಳ್ಳಿ. 25 ಮಿ.ಮೀ. ಟಯರನ್ನು ಕಲ್ಲಿನಂತೆ ಗಾಳಿ ತುಂಬಿ ಓಡಿಸಿದರೆ ಕಿತ್ತ ಡಾಂಬರಿನ ಒಂದೊಂದು ಜಲ್ಲಿಯೂ ಅಂಗೈಗೆ ಗೊತ್ತಾಗುತ್ತದೆ. ಗಾಳಿ ಕಡಿಮೆ ಮಾಡಿದರೆ ಗುಂಡಿಯ ಅಂಚಿಗೆ ರಿಮ್ ಬಡಿದು ಟ್ಯೂಬಿನಲ್ಲಿ ಎರಡು ಸೀಳು ಬೀಳುತ್ತದೆ.

ನಮ್ಮ ಕಡೆ, ಹಾಗೆಯೇ ಬಾಣಾವರ, ಕಡೂರಿನ ಸುತ್ತ ಬಳ್ಳಾರಿ ಜಾಲಿಯ ಮುಳ್ಳು ದೊಡ್ಡ ಶತ್ರು. ಬೇಲಿ ಸವರಿದ ದಿನ ರಸ್ತೆಯಂಚಿಗೆ ಹೋಗಲೇಬಾರದು. ಪಂಕ್ಚರ್ ಆದಾಗ ಟ್ಯೂಬ್ ಬದಲಿಸುವ ಅವಸರದಲ್ಲಿ ಮುಳ್ಳು ಟಯರಿನಲ್ಲೇ ಉಳಿದುಬಿಡುತ್ತದೆ. ಮುರಿದ ತುದಿ ಹೊರಗಿನಿಂದ ಕಾಣುವುದೇ ಇಲ್ಲ. ತೆಳ್ಳಗಿನ ಹತ್ತಿ ಬಟ್ಟೆಯೊಂದನ್ನು ಉಂಡೆ ಮಾಡಿ ಟಯರಿನ ಒಳಮೈಯಲ್ಲಿ ಪೂರ್ತಿ ಒಂದು ಸುತ್ತು ಸವರಿಕೊಂಡು ಬಂದರೆ ಎಳೆ ಸಿಕ್ಕಿಕೊಂಡ ಜಾಗದಲ್ಲಿ ಮುಳ್ಳಿರುತ್ತದೆ. ಉಗುರಿನಿಂದ ತೆಗೆಯಲಾಗದು, ಚಿಕ್ಕ ಚಿಮಟ ಬೇಕು. ಟ್ಯೂಬ್‌ಲೆಸ್ ಆದರೆ ಒಳಗಿನ ದ್ರವವೇ ಇಂತಹ ಸಣ್ಣ ತೂತುಗಳನ್ನು ಮುಚ್ಚುತ್ತದೆ, ಆದರೆ ನಮ್ಮ ಬಿಸಿಲಿಗೆ ಅದು ಕೆಲವೇ ತಿಂಗಳಲ್ಲಿ ಒಣಗುವುದರಿಂದ ಆಗಾಗ ಪರೀಕ್ಷಿಸುವ ಶಿಸ್ತು ಇದ್ದವರಿಗೆ ಮಾತ್ರ ಅದು ಸರಿ.

ಬಿಡಿಭಾಗದ ಬಗ್ಗೆಯೂ ಹೇಳಬೇಕು. ಇಂತಹ ಸೈಕಲ್ಲುಗಳ 700ಸಿ ರಿಮ್ಮಿನಲ್ಲಿ ಟಯರು ಕೂರುವ ವ್ಯಾಸದ ಅಳತೆ 622 ಮಿ.ಮೀ.; 29 ಇಂಚಿನ ಮೌಂಟನ್ ಬೈಕಿನ ರಿಮ್ಮೂ ಅದೇ ಅಳತೆಯದು. ಹಳೆಯ ಹಾಲಿನ ಸೈಕಲ್ಲಿನ 28 ಇಂಚು ಒಂದೂವರೆಯ ಟಯರು 635 ಮಿ.ಮೀ., ಅದು ನಿಮ್ಮ ರಿಮ್ಮಿಗೆ ಕೂರುವುದಿಲ್ಲ. ಇನ್ನು ಸಣ್ಣ ಪ್ರೆಸ್ಟಾ ವಾಲ್ವಿಗೆ ಲಾರಿ ಪಂಕ್ಚರ್ ಅಂಗಡಿಯ ಗಾಳಿ ಪೈಪು ಕೂರದು. ಹಿತ್ತಾಳೆಯ ಅಡಾಪ್ಟರ್ ಒಂದನ್ನು ವಾಲ್ವಿಗೇ ತಿರುಗಿಸಿ ಇಟ್ಟುಕೊಳ್ಳಿ.

ಉತ್ತರ: ಚಿಕ್ಕಮಗಳೂರಿನ ಇನ್ನೊಬ್ಬ ಸದಸ್ಯೆ

ಇಷ್ಟು ಹೊತ್ತು ಗೇರು, ಬ್ರೇಕು, ಟಯರಿನ ಚರ್ಚೆ ಚೆನ್ನಾಗಿ ನಡೆದಿದೆ. ಆದರೆ ಸೈಕಲ್ಲಿನ ಅಳತೆಯ ಬಗ್ಗೆ ಯಾರೂ ಕೇಳದಿರುವುದು ನನಗೆ ಆತಂಕದ ವಿಷಯವಾಗಿ ಕಾಣುತ್ತಿದೆ. ನನ್ನ ಎತ್ತರ 155 ಸೆಂ.ಮೀ. ನನ್ನಂಥವರಿಗೆ ಅಂಗಡಿಯಲ್ಲಿ ಇದ್ದ ಅಳತೆಯನ್ನೇ ಸೀಟು ತಗ್ಗಿಸಿ ಕೊಟ್ಟು ಕಳುಹಿಸುವುದು ತೀರಾ ಸಾಮಾನ್ಯ. ಸೀಟನ್ನು ತಗ್ಗಿಸಬಹುದು, ಆದರೆ ಹ್ಯಾಂಡಲ್ ದೂರವೇ ಉಳಿಯುತ್ತದೆ. ಕೈ ಚಾಚಿ ಚಾಚಿ ನೂರು ಕಿಲೋಮೀಟರಿಗೇ ಭುಜ ಬಿಗಿದುಕೊಳ್ಳುತ್ತದೆ, ಕಿರುಬೆರಳು ಉಂಗುರದ ಬೆರಳು ಜೋಮು ಹಿಡಿಯುತ್ತವೆ. ಎಷ್ಟೇ ಒಳ್ಳೆಯ ಗೇರಿದ್ದರೂ ಅಳತೆ ತಪ್ಪಿದ ಸೈಕಲ್ಲಿನಲ್ಲಿ 400 ಕಿ.ಮೀ. ಮುಗಿಸುವುದು ದೇಹಕ್ಕೆ ಕೊಡುವ ಹಿಂಸೆ.

ಮನೆಯಲ್ಲೇ ಅಳೆದುಕೊಳ್ಳುವ ವಿಧಾನ ಹೀಗಿದೆ. ಬರಿಗಾಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು, ಪಾದಗಳ ನಡುವೆ ಗೇಣಿನಷ್ಟು ಅಂತರ ಬಿಟ್ಟು ನಿಲ್ಲಬೇಕು. ದಪ್ಪ ರಟ್ಟಿನ ಪುಸ್ತಕವೊಂದನ್ನು ಕಾಲುಗಳ ನಡುವೆ, ಅದರ ಒಂದು ಅಂಚು ಗೋಡೆಗೆ ತಾಗಿರುವಂತೆ ಹಿಡಿದು, ಸೀಟಿನ ಮೇಲೆ ಕುಳಿತಷ್ಟು ಒತ್ತಡ ಬರುವವರೆಗೆ ಮೇಲಕ್ಕೆ ಎತ್ತಬೇಕು. ಪುಸ್ತಕದ ಮೇಲಂಚು ಗೋಡೆಗೆ ತಾಗಿದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ ನೆಲದಿಂದ ಅಳೆಯಬೇಕು. ದರ್ಜಿ ಕೊಡುವ ಪ್ಯಾಂಟಿನ ಅಳತೆ ಇದಕ್ಕಿಂತ ಕಡಿಮೆ ಇರುತ್ತದೆ, ಅದನ್ನು ನಂಬಬೇಡಿ. ಈ ಅಳತೆಯನ್ನು 0.883ರಿಂದ ಗುಣಿಸಿದರೆ ಪೆಡಲ್ ತಿರುಗುವ ನಡುಬಿಂದುವಿನಿಂದ ಸೀಟಿನ ಮೇಲ್ಭಾಗದವರೆಗಿನ ಎತ್ತರ ಸಿಗುತ್ತದೆ. ಕಾಲಿನ ಅಳತೆ 80 ಸೆಂ.ಮೀ. ಆದರೆ ಸೀಟು ಸುಮಾರು 70.6 ಸೆಂ.ಮೀ. ಎತ್ತರದಲ್ಲಿರಬೇಕು. ಇದು ಆರಂಭದ ಅಂದಾಜು ಮಾತ್ರ. ಮಂಡಿಯ ಮುಂಭಾಗ ನೋವಾದರೆ ಸ್ವಲ್ಪ ಏರಿಸಿ, ಹಿಂಭಾಗ ಎಳೆದಂತಾದರೆ ಇಳಿಸಿ, ಒಮ್ಮೆಗೆ ಮೂರು ಮಿಲಿಮೀಟರಿಗಿಂತ ಹೆಚ್ಚು ಬದಲಿಸಬೇಡಿ.

ಅಂಗಡಿಯಲ್ಲಿ ಕೇಳಬೇಕಾದ ಅಂಕಿಗಳು ಸ್ಟ್ಯಾಕ್ ಮತ್ತು ರೀಚ್. ಹ್ಯಾಂಡಲ್ ಎಷ್ಟು ಎತ್ತರಕ್ಕೆ ಬರುತ್ತದೆ ಎಂಬುದನ್ನು ಮೊದಲನೆಯದು, ಎಷ್ಟು ದೂರವಿರುತ್ತದೆ ಎಂಬುದನ್ನು ಎರಡನೆಯದು ತಿಳಿಸುತ್ತದೆ. ಆ ಕಾರ್ಬನ್ ರೇಸ್ ಬೈಕಿನಲ್ಲಿ ಹ್ಯಾಂಡಲ್ ಬಹಳ ತಗ್ಗಿನಲ್ಲಿರುವುದು ಖಂಡಿತ, ಅದೊಂದೇ ಕಾರಣಕ್ಕೆ ನಾನು ಅದನ್ನು ಬೇಡವೆನ್ನುತ್ತೇನೆ. ನನ್ನಂತೆ ಎತ್ತರ ಕಡಿಮೆ ಇರುವ ಸೋದರಿಯರು ಓದುತ್ತಿದ್ದರೆ ಇನ್ನೊಂದು ಮಾತು: ಚಿಕ್ಕ ಫ್ರೇಮಿಗೆ 700ಸಿ ಗಾಲಿ ಹಾಕಿದಾಗ ತಿರುವಿನಲ್ಲಿ ಕಾಲ್ಬೆರಳು ಮುಂದಿನ ಟಯರಿಗೆ ತಾಗಬಹುದು. ಅದಕ್ಕಿಂತ ಚಿಕ್ಕದಾದ 650ಬಿ ಗಾಲಿಯ ಸೈಕಲ್ಲನ್ನೂ ನೋಡಿ, ಪೆಡಲಿನ ತೋಳು 170ರ ಬದಲು 165 ಮಿ.ಮೀ. ಸಿಗುವುದೇ ಎಂದು ವಿಚಾರಿಸಿ.

ಉತ್ತರ: ಸಕಲೇಶಪುರದಿಂದ

ದೀಪದ ಹಣವನ್ನು ಸೈಕಲ್ಲಿನ ಬೆಲೆಯ ಜೊತೆಗೇ ತೆಗೆದಿಡಿ. 27 ಗಂಟೆಯ 400 ಕಿ.ಮೀ. ಎಂದರೆ ಒಂದು ಇಡೀ ರಾತ್ರಿ. ಡೈನಮೊ ಹಬ್ 6 ವೋಲ್ಟ್, 3 ವ್ಯಾಟ್ ಕೊಡುತ್ತದೆ, ಚಾರ್ಜಿನ ಚಿಂತೆ ಇಲ್ಲ. ಆದರೆ ಏರಿನಲ್ಲಿ ಐದಾರು ಕಿ.ಮೀ. ವೇಗಕ್ಕೆ ಇಳಿದಾಗ ಬೆಳಕು ಮಂಕಾಗುತ್ತದೆ. ಮೊದಲ ವರ್ಷಕ್ಕೆ ಬ್ಯಾಟರಿ ದೀಪ ಎರಡು, ಹಿಂದಿನ ಕೆಂಪು ದೀಪ ಎರಡು ಇಟ್ಟುಕೊಂಡರೆ ಸಾಕು. ಪ್ರತಿಫಲಿಸುವ ಜಾಕೆಟ್ ರಾತ್ರಿ ಕಡ್ಡಾಯ.

ನಮ್ಮ ತಾಲ್ಲೂಕು, ಆಲೂರು, ಬೇಲೂರಿನ ತೋಟಗಳ ನಡುವೆ ಕಾಡಾನೆಗಳ ಓಡಾಟವಿದೆ. ಬೆಳಗಿನ ಜಾವಕ್ಕೂ ಮುಸ್ಸಂಜೆಗೂ ಒಳರಸ್ತೆಗಳಲ್ಲಿ ಒಬ್ಬರೇ ಅಭ್ಯಾಸಕ್ಕೆ ಹೋಗುವುದು ಬೇಡ. ಸೈಕಲ್ಲು ಸದ್ದಿಲ್ಲದೆ ಬರುವುದರಿಂದ ತಿರುವಿನಲ್ಲಿ ಆನೆಗೂ ನಮಗೂ ಮುನ್ಸೂಚನೆ ಇರುವುದಿಲ್ಲ. ಶಿರಾಡಿ ಹೆದ್ದಾರಿಯಲ್ಲಿ ರಾತ್ರಿಯಿಡೀ ಲಾರಿಗಳ ಸಾಲು, ಅದೂ ಅಭ್ಯಾಸದ ಜಾಗವಲ್ಲ.

ಉತ್ತರ: ಬೇಲೂರಿನಿಂದ

ನನ್ನದು ಸ್ವಲ್ಪ ಭಿನ್ನ ಅಭಿಪ್ರಾಯ. ಬ್ರೆವೆಯ ನಿಯಮದಲ್ಲಿ ಮನುಷ್ಯಬಲದಿಂದಲೇ ಸಾಗುವ ಯಾವ ಸೈಕಲ್ಲಿಗೂ ಅವಕಾಶವಿದೆ, ಹೈಬ್ರಿಡ್‌ನಲ್ಲಿ 200 ಕಿ.ಮೀ. ಮುಗಿಸುವವರು ಬೇಕಾದಷ್ಟು ಮಂದಿ ಇದ್ದಾರೆ. ಈಗಿರುವ ಸೈಕಲ್ಲಿಗೇ ಹ್ಯಾಂಡಲ್ಲಿನ ತುದಿಗೆ ಕೊಂಬು ಹಾಕಿಸಿ, ಟಯರು ಬದಲಿಸಿ ಮೊದಲ 200 ಮುಗಿಸಿ ಎಂದೇ ನಾನು ಹೇಳುವುದು. ಎಲ್ಲಿ ನೋವಾಯಿತು, ಯಾವ ಗೇರು ಸಾಲದಾಯಿತು ಎಂಬುದು ಆ ಒಂದು ದಿನ ತಿಳಿದಷ್ಟು ಯಾರ ಸಲಹೆಯಿಂದಲೂ ತಿಳಿಯುವುದಿಲ್ಲ. ಹಣವೂ ಉಳಿದಿರುತ್ತದೆ.

ಉತ್ತರ: ಚಿಕ್ಕಮಗಳೂರಿನಿಂದ

ಬೇಲೂರಿನವರ ಮಾತಿನಲ್ಲಿ ಹುರುಳಿದೆ, 200ರ ಮಟ್ಟಿಗೆ ನಾನೂ ಅದನ್ನು ಒಪ್ಪುತ್ತೇನೆ. ಅದರಾಚೆಗೆ ಹೈಬ್ರಿಡ್‌ನ ನೇರ ಹ್ಯಾಂಡಲ್ಲಿನಲ್ಲಿ ಕೈಯಿಡಲು ಇರುವುದು ಒಂದೆರಡೇ ಜಾಗ. ಬಾಗಿದ ಹ್ಯಾಂಡಲ್ಲಿನಲ್ಲಿ ಮೂರು ನಾಲ್ಕು ಕಡೆ ಹಿಡಿತ ಬದಲಿಸುತ್ತಾ ಅಂಗೈಗೂ ಬೆನ್ನಿಗೂ ವಿರಾಮ ಕೊಡಬಹುದು, ಕಡೂರಿನ ಕಡೆ ಎದುರುಗಾಳಿ ಬೀಸಿದಾಗ ಬಗ್ಗಿಕೊಳ್ಳಲೂಬಹುದು. 300 ಕಿ.ಮೀ.ಯಿಂದ ಮುಂದಕ್ಕೆ ಇದು ಸಣ್ಣ ವಿಷಯವಲ್ಲ.

ಪ್ರಶ್ನೆ ಕೇಳಿದವರು, ಹಾಸನ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೊದಲ 200 ಕಿ.ಮೀ.ಯನ್ನು ಹೈಬ್ರಿಡ್‌ನಲ್ಲೇ ಮುಗಿಸಿ, ಆಮೇಲೆ ಉಕ್ಕಿನ ಟೂರಿಂಗ್ ಸೈಕಲ್ಲನ್ನು ಕೊಳ್ಳುವುದೆಂದು ನಿರ್ಧರಿಸಿದ್ದೇನೆ. ಪುಸ್ತಕ ಹಿಡಿದು ಅಳೆದಾಗ ಕಾಲಿನ ಅಳತೆ 79 ಸೆಂ.ಮೀ. ಬಂತು. ಎರಡು ಪ್ರಶ್ನೆಗಳು ಉಳಿದಿವೆ. ಆ ಸೈಕಲ್ಲಿನ ರಿಮ್ಮಿನ ಒಳ ಅಗಲ 19 ಮಿ.ಮೀ., ಅದಕ್ಕೆ 32 ಮಿ.ಮೀ. ಟಯರು ಹೊಂದುತ್ತದೆಯೇ, ಗಾಳಿ ಎಷ್ಟಿರಬೇಕು? ಮತ್ತು ಹೊಸ ಸೈಕಲ್ಲನ್ನು 300ಕ್ಕೆ ಒಯ್ಯುವ ಮುನ್ನ ಪರೀಕ್ಷಿಸಲು ಯಾವ ದಾರಿ ಸೂಕ್ತ?

ಉತ್ತರ: ಅರಸೀಕೆರೆಯಿಂದ

ಚೆನ್ನಾಗಿ ಹೊಂದುತ್ತದೆ. ನಿಮ್ಮ ತೂಕಕ್ಕೆ ಮುಂದೆ 55, ಹಿಂದೆ 60 ಪಿಎಸ್‌ಐನಿಂದ ಆರಂಭಿಸಿ, ಟಯರಿನ ಪಕ್ಕದಲ್ಲಿ ಅಚ್ಚಾಗಿರುವ ಗರಿಷ್ಠ ಮಿತಿಯನ್ನು ಮೀರಬೇಡಿ. ಮಡ್‌ಗಾರ್ಡನ್ನು ಬಿಚ್ಚಿಸಬೇಡಿ, ಮಳೆಯಲ್ಲಿ ಅದು ಚೈನಿಗೂ ನಿಮ್ಮ ಬೆನ್ನಿಗೂ ರಕ್ಷಣೆ.

ದಾರಿಗೆ, ಹಾಸನದಿಂದ ಬೇಲೂರು, ಚಿಕ್ಕಮಗಳೂರು, ಕಡೂರು, ಬಾಣಾವರ, ಅರಸೀಕೆರೆ ಮೂಲಕ ಹಾಸನಕ್ಕೆ ಮರಳುವ ಸುತ್ತು ಇನ್ನೂರಕ್ಕೆ ಸ್ವಲ್ಪ ಕಡಿಮೆ ಆಗುತ್ತದೆ. ಅದರಲ್ಲಿ ಮಲೆನಾಡಿನ ಅಂಚೂ ಬಯಲುಸೀಮೆಯ ಬಿಸಿಲು ಗಾಳಿಯೂ ಎರಡೂ ಸಿಗುತ್ತವೆ.

ಉತ್ತರ: ಚಿಕ್ಕಮಗಳೂರಿನಿಂದ

ಆ ಸುತ್ತಿನಲ್ಲಿ ಕಡಿದಾದ ಏರಿಲ್ಲ. ಚಿಕ್ಕಮಗಳೂರು ತಲುಪಿದಾಗ ಕೈಮರದಿಂದ ಮೇಲಕ್ಕೆ ನಾಲ್ಕೈದು ಕಿಲೋಮೀಟರ್ ಹತ್ತಿ ಇಳಿದು ಮುಂದಕ್ಕೆ ಹೋಗಿ. ವಾರದ ನಡುವಿನ ದಿನ ಬನ್ನಿ, ಶನಿವಾರ ಭಾನುವಾರ ಪ್ರವಾಸಿಗರ ಕಾರುಗಳ ಸಾಲು ಬಿಡುವುದಿಲ್ಲ. ಹತ್ತುವಾಗ 26ರ ಚಿಕ್ಕ ಚಕ್ರಕ್ಕೆ ಚೈನು ಸರಾಗವಾಗಿ ಬೀಳುತ್ತದೆಯೇ, ಹೊರಳಿ ಒಳಗಡೆಗೆ ಜಾರುತ್ತದೆಯೇ ಎಂಬುದನ್ನು ಗಮನಿಸಿ. ಜಾರಿದರೆ ಮುಂದಿನ ಡಿರೈಲರ್‌ನ ಒಳಮಿತಿಯ ಸ್ಕ್ರೂ ಕಾಲು ಸುತ್ತು ಬಿಗಿ ಮಾಡಬೇಕು. ಹೊಸ ಕೇಬಲ್ಲುಗಳು ಮೊದಲ ಕೆಲವು ಸವಾರಿಗಳಲ್ಲಿ ಸಡಿಲವಾಗುವುದು ಸಹಜ, ಆದ್ದರಿಂದ ಬ್ರೇಕನ್ನೂ ಗೇರನ್ನೂ ಇಳಿದ ಕೂಡಲೇ ಒಮ್ಮೆ ಸರಿಮಾಡಿಸಿ. ಬರುವ ದಿನ ಇಲ್ಲಿ ತಿಳಿಸಿದರೆ ಕೈಮರದವರೆಗೆ ನಾನೂ ಜೊತೆಗೆ ಬರುತ್ತೇನೆ, ಸ್ಕ್ರೂಡ್ರೈವರ್ ನನ್ನ ಬಳಿ ಇರುತ್ತದೆ.